ಕಾಯುವ ಕಾಲವೂ ದೇವರದೇ: ಸಂತ ಜೋಸೆಫ್ ವಾಜರ ಊರುಗಳಿಗೊಂದು ಯಾತ್ರೆ

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಕಾಸರಗೋಡು ಸೀಮೆಯ ನಮ್ಮ ಧರ್ಮಕೇಂದ್ರಗಳಿಗೆ ಈ ಹೆಸರು ಹೊಸದಲ್ಲ. ಗಡಿಯಿಂದ ಹೆಚ್ಚು ದೂರವಿಲ್ಲದ ಮುಡಿಪುವಿನ ಗುಡ್ಡ ಹತ್ತಿ, ಅವರು ಮೊಣಕಾಲೂರಿ ಪ್ರಾರ್ಥಿಸಿದಲ್ಲಿ ಒರತೆ ಹುಟ್ಟಿತೆಂದು ಹಿರಿಯರು ಹೇಳುವ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದವರು ನಮ್ಮಲ್ಲಿ ಬಹಳ ಮಂದಿ. ಆದರೆ ಆ ಸಂತರು ಹುಟ್ಟಿದ ಊರು, ಪಾಠ ಹೇಳಿದ ಊರು, ಮುಂದೇನೆಂದು ತಿಳಿಯದೆ ಕಾದು ಕುಳಿತ ಊರುಗಳನ್ನು ನೋಡಿದವರು ಕಡಿಮೆ. ಅದಕ್ಕಾಗಿ ಮಳೆ ನಿಂತ ಮೇಲೆ, ನವೆಂಬರ್ ತಿಂಗಳಲ್ಲಿ, ನಾವು 18 ಮಂದಿ ಕೂಡಿ ರೈಲಿನಲ್ಲಿ ಗೋವೆಗೆ ಹೊರಟೆವು.

ನಮ್ಮ ತಂಡದಲ್ಲಿ ಹೆಚ್ಚಿನವರು ಬದುಕಿನ ಯಾವುದಾದರೊಂದು ತಿರುವಿನಲ್ಲಿ ನಿಂತವರೇ ಆಗಿದ್ದರು. ಕಳೆದ ವರ್ಷ ನಿವೃತ್ತರಾದ ಒಬ್ಬ ಟೀಚರ್. ಹಲವು ವರ್ಷ ಗಲ್ಫಿನಲ್ಲಿ ದುಡಿದು, ಕೆಲಸ ಹೋಗಿ ಮನೆಗೆ ಬಂದ ಒಬ್ಬ ತಂದೆ. ಪತಿಯನ್ನು ಕಳೆದುಕೊಂಡು ವರ್ಷ ತುಂಬದ ಒಬ್ಬ ತಾಯಿ. ಡಿಗ್ರಿ ಮುಗಿಸಿ ಮನೆಯಲ್ಲೇ ಇರುವ ಒಬ್ಬ ಹುಡುಗಿ. ಗುರುಗಳಾದ ನಾವೂ ಇದಕ್ಕೆ ಹೊರಗಿನವರಲ್ಲ. ವರ್ಗಾವಣೆಯ ಪತ್ರ ಬಂದ ದಿನದಿಂದ ಹೊಸ ಊರಿನ ಜನರ ಮುಖ ಪರಿಚಯವಾಗುವವರೆಗಿನ ದಿನಗಳು ಹೇಗಿರುತ್ತವೆಂದು ಪ್ರತಿಯೊಬ್ಬ ಗುರುವಿಗೂ ಗೊತ್ತು.

ರೈಲಿನಲ್ಲಿ ಟೀಚರ್ ಹೇಳಿದರು: “ಫಾದರ್, ಬೆಳಿಗ್ಗೆ ಎಂಟು ಗಂಟೆಯಾದರೆ ಕಾಲು ತಾನಾಗಿ ಬಾಗಿಲ ಕಡೆಗೆ ಹೋಗುತ್ತದೆ. ಹೋಗಲು ಶಾಲೆಯಿಲ್ಲವೆಂದು ಆಮೇಲೆ ನೆನಪಾಗುತ್ತದೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ವಿಶ್ರಾಂತಿ ಹೇಗೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳುವುದಿಲ್ಲ.” ಈ ಪ್ರಶ್ನೆಯನ್ನೇ ಹಿಡಿದುಕೊಂಡು ನಾವು ಮಡಗಾಂವದಲ್ಲಿ ಇಳಿದೆವು.

ಮಡಗಾಂವದಿಂದ ಸಮುದ್ರದ ಕಡೆಗೆ ಸ್ವಲ್ಪ ದೂರ ಹೋದರೆ ಬಾಣಾವಳಿ. ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಹುಟ್ಟಿದ್ದು ತಾಯಿಯ ಊರಾದ ಇಲ್ಲಿ. ಗುಡ್ಡದ ಮೇಲಿರುವ ಸ್ನಾನಿಕ ಯೋವಾನ್ನರ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ನಾವು ಅಲ್ಲಿ ಬಲಿಪೂಜೆ ಅರ್ಪಿಸಿ, ಪ್ರತಿಯೊಬ್ಬರೂ ತಮ್ಮ ಜ್ಞಾನಸ್ನಾನದ ವಾಗ್ದಾನವನ್ನು ನವೀಕರಿಸಿದೆವು. ನೌಕರಿ ಹೋಗಬಹುದು, ಹುದ್ದೆ ಹೋಗಬಹುದು, ಜೊತೆಗಾರರು ಅಗಲಬಹುದು. ಜ್ಞಾನಸ್ನಾನದಲ್ಲಿ ದೇವರು ಇಟ್ಟ ಹೆಸರಿಗೆ ನಿವೃತ್ತಿ ಎಂಬುದಿಲ್ಲ.

ಅಲ್ಲಿಂದ ಸಾಂಕವಾಳಕ್ಕೆ ಬಂದೆವು. ಇದು ಸಂತರ ತಂದೆಯ ಊರು, ಜುವಾರಿ ನದಿಯ ಬದಿಯಲ್ಲಿದೆ. ಮೇಲಿನ ಬಯಲಿನಲ್ಲಿರುವ ಜುವಾರಿನಗರದಲ್ಲಿ ನಮ್ಮ ಕನ್ನಡದ ಜನ ಬಹಳ ಇದ್ದಾರೆ. ಬಿಜಾಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದು ನೆಲೆ ನಿಂತವರು. ಕೆಳಗೆ ಮರಗಳ ನಡುವೆ ಆರೋಗ್ಯಮಾತೆಯ ಹಳೆಯ ದೇವಾಲಯದ ಮುಂಗೋಡೆ ಒಂದೇ ನಿಂತಿದೆ. 1834ರಲ್ಲಿ ಬೆಂಕಿಗೆ ಸಿಕ್ಕಿ ಉಳಿದ ಭಾಗವೆಲ್ಲ ನಾಶವಾಯಿತು. ಮುಖಭಾಗದ ಕೆತ್ತನೆ, ಅಲಂಕಾರ ಇಂದಿಗೂ ಚೆಂದ. ಆದರೆ ಬಾಗಿಲಿನೊಳಗೆ ಇಣುಕಿದರೆ ಬಲಿಪೀಠವಿಲ್ಲ, ಚಾವಣಿಯಿಲ್ಲ. ಬೆಳಕು ಮತ್ತು ಹಸಿರು ಮಾತ್ರ.

ಗಲ್ಫಿನಿಂದ ಬಂದ ತಂದೆ ಆ ಗೋಡೆಯನ್ನು ಬಹಳ ಹೊತ್ತು ನೋಡಿ, “ನಾನೂ ಹೀಗೇ ಫಾದರ್. ಹೊರಗೆ ಎಲ್ಲ ಸರಿ ಇದೆ” ಎಂದರು. ಅವರ ಮಾತಿಗೆ ನಾವು ಆಗ ಉತ್ತರ ಕೊಡಲಿಲ್ಲ. ಎಲ್ಲರೂ ಅಲ್ಲೇ ಕುಳಿತು ಒಂದು ಜಪಸರ ಮಾಡಿದೆವು. ಬಳಿಕ ಸಂತರ ಕಥೆಯನ್ನು ಹೇಳಿದೆವು.

1676ರಲ್ಲಿ ಗುರುದೀಕ್ಷೆ ಪಡೆದಾಗ ವಾಜರಿಗೆ 25 ವರ್ಷ. ಆ ಕಾಲದಲ್ಲಿ ಸಿಲೋನ್ ದ್ವೀಪದ ಕರಾವಳಿ ಡಚ್ಚರ ಕೈಯಲ್ಲಿತ್ತು. ಕಥೋಲಿಕ ಗುರುಗಳಿಗೆ ಅಲ್ಲಿ ನಿಷೇಧವಿತ್ತು, ಜನರು ವರ್ಷಗಟ್ಟಲೆ ಪರಮಪ್ರಸಾದವಿಲ್ಲದೆ ಬದುಕುತ್ತಿದ್ದರು. ಆ ಸುದ್ದಿ ಕೇಳಿದ ಮೇಲೆ ಅಲ್ಲಿಗೆ ಹೋಗಬೇಕೆಂಬುದೇ ವಾಜರ ಹಂಬಲವಾಯಿತು. ಆದರೆ ದಾರಿ ತೆರೆಯಲಿಲ್ಲ. ಅವರು ಸಾಂಕವಾಳದಲ್ಲಿ, ಮುಂದೆ ಗುರುಗಳಾಗಲು ಬಯಸುವ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆ ನಡೆಸಿದರು. 1677ರ ಆಗಸ್ಟ್ 5ರಂದು ಇಲ್ಲಿಯ ದೇವಾಲಯದಲ್ಲಿ, ತಾನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ತಮ್ಮನ್ನು ಒಪ್ಪಿಸಿಕೊಂಡರು. ಬೇಕಾದ ಕೆಲಸ ಸಿಗದಿದ್ದಾಗ ಅವರು ಮಾಡಿದ್ದು ಎರಡು: ಕೈಗೆ ಸಿಕ್ಕ ಕೆಲಸವನ್ನು ಮಾಡಿದರು, ತಮ್ಮನ್ನು ಯಾರ ಕೈಗೆ ಒಪ್ಪಿಸಬೇಕೋ ಅವರ ಕೈಗೆ ಒಪ್ಪಿಸಿದರು.

1681ರಲ್ಲಿ ಅಪ್ಪಣೆ ಬಂತು, ಸಿಲೋನಿಗಲ್ಲ, ನಮ್ಮ ಕೆನರಾ ಸೀಮೆಗೆ. ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷರ ಅಧಿಕಾರಕ್ಕೂ ನಡುವೆ ಎದ್ದ ತಕರಾರಿನಿಂದ ಇಲ್ಲಿಯ ವಿಶ್ವಾಸಿಗಳು ಒಡೆದುಹೋಗಿದ್ದರು. ವಾಜರು ಬಸ್ರೂರು, ಗಂಗೊಳ್ಳಿ, ಕುಂದಾಪುರ, ಮಂಗಳೂರುಗಳಲ್ಲಿ ಓಡಾಡಿ, ಜಗಳಕ್ಕೆ ತುಪ್ಪ ಸುರಿಯದೆ, ಸಂಸ್ಕಾರಗಳನ್ನು ಕೊಟ್ಟು, ಶಾಲೆಗಳನ್ನು ತೆರೆದು, ಚದುರಿದ ಕುಟುಂಬಗಳನ್ನು ಕೂಡಿಸಿದರು. ನಾವು ರೈಲಿನಲ್ಲಿ ಅರ್ಧ ದಿನದಲ್ಲಿ ದಾಟಿ ಬಂದ ಹೊಳೆಗಳನ್ನು ಅವರು ದೋಣಿಯಲ್ಲಿ ದಾಟಿ, ನೆಲವನ್ನು ನಡೆದು ದಾಟಿದವರು. ಯೋಚಿಸಿ ನೋಡಿ: ಅವರು ಕೇಳಿದ್ದು ಬೇರೆ ಊರು, ಸಿಕ್ಕಿದ್ದು ನಮ್ಮ ಊರು. ಇಂದು ನಮ್ಮ ಸೀಮೆಯಲ್ಲಿ ಅವರ ಹೆಸರು ಉಳಿದಿದೆಯೆಂದರೆ, ಅದು ಅವರು ಬಯಸಿ ಬಂದ ದಾರಿಯಿಂದಲ್ಲ, ಕಾಯುವಾಗ ಒದಗಿದ ದಾರಿಯಿಂದ. ನಾವು ಅವರ ಕಾಯುವ ಕಾಲದ ಫಲ.

1684ರಲ್ಲಿ ಅವರು ಗೋವೆಗೆ ಮರಳಿದರು. ಕೆನರಾದ ಕೆಲಸ ಮುಗಿದಿತ್ತು, ಸಿಲೋನಿನ ಬಾಗಿಲು ತೆರೆದಿರಲಿಲ್ಲ. ಆ ನಡುವಿನ ಕಾಲದ ಜಾಗ ಹಳೆ ಗೋವೆಯ ಹೊರಗಿನ ಒಂದು ಗುಡ್ಡ. ಅಲ್ಲಿಯ ಪವಾಡ ಶಿಲುಬೆಯ ದೇವಾಲಯದಲ್ಲಿ ಕೆಲವು ಗುರುಗಳು ಒಟ್ಟಾಗಿ ಪ್ರಾರ್ಥನಾಜೀವನ ನಡೆಸುತ್ತಿದ್ದರು. 1685ರಲ್ಲಿ ವಾಜರು ಅವರನ್ನು ಸೇರಿದರು, ಬೇಗನೆ ಹಿರಿಯರಾಗಿ ಆಯ್ಕೆಯಾದರು. ಸಂತ ಫಿಲಿಪ್ ನೇರಿಯವರ ಓರೆಟೋರಿಯನ್ ಪದ್ಧತಿಯಂತೆ ಆ ಗುಂಪಿಗೆ ಒಂದು ಶಿಸ್ತು ಬಂತು. ಇಂದು ಆ ದೇವಾಲಯ ಪಾಳುಬಿದ್ದಿದೆ. ಪವಾಡ ಶಿಲುಬೆಯನ್ನು ಕೆಳಗೆ ಸೇ ಪ್ರಧಾನಾಲಯದಲ್ಲಿ ಕಾಣಬಹುದು. ಸಂತ ಫ್ರಾನ್ಸಿಸ್ ಜೇವಿಯರರ ಪವಿತ್ರ ಶರೀರದ ದರ್ಶನಕ್ಕೆ ಹೋಗುವ ಎಷ್ಟೋ ಯಾತ್ರಿಕರು ಈ ಶಿಲುಬೆಯ ಮುಂದೆ ನಿಲ್ಲದೆ ಬರುತ್ತಾರೆ. ನಾವು ಅಲ್ಲಿ ಅರ್ಧ ಗಂಟೆ ಮೌನವಾಗಿ ಕುಳಿತೆವು.

1686ರಲ್ಲಿ ವಾಜರು ಆ ಗುಡ್ಡ ಇಳಿದು ದಕ್ಷಿಣಕ್ಕೆ ಹೊರಟರು. 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಯಾಳ್ಪಾಣಕ್ಕೆ ಮುಟ್ಟಿದಾಗ ಪ್ರಯಾಣದ ಕಷ್ಟದಿಂದ ಕಾಯಿಲೆ ಬಿದ್ದಿದ್ದರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. ಆ ಸೆರೆಯಲ್ಲಿ ಕುಳಿತೇ ಸಿಂಹಳ ಭಾಷೆಯನ್ನು ಕಲಿತರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯ ಕುಟುಂಬದವರೇ, ಟೀಚರ್ ಕೇಳಿದ ಪ್ರಶ್ನೆಗೆ ಈ ಊರುಗಳಲ್ಲಿ ಉತ್ತರವಿದೆಯೆಂದು ನಮಗನಿಸಿತು. ವಿಶ್ರಾಂತಿಯೆಂದರೆ ಸುಮ್ಮನೆ ಕುಳಿತಿರುವುದಲ್ಲ. ಓಡುತ್ತಲೇ ಇರುವುದೂ ಧರ್ಮವಲ್ಲ. ಪ್ರವಾದಿ ಎಲೀಯನನ್ನು ನೆನೆಯಿರಿ. ಸೋತು, ಹೆದರಿ, ಸಾವು ಬೇಡುತ್ತ ಜಾಲಿಗಿಡದ ಕೆಳಗೆ ಮಲಗಿದವನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲ ಉಣಿಸಿದ ಮೇಲೆಯೇ ಮುಂದಿನ ದಾರಿಯ ಮಾತು ಬಂತು. ಹೊಸ ಕೆಲಸದ ಅಪ್ಪಣೆ ಸಿಕ್ಕಿದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ನಂತರ. ಯೇಸುಸ್ವಾಮಿಯೂ ಊರೂರು ಸುತ್ತಿ ಬಂದ ಪ್ರೇಷಿತರನ್ನು ಲೆಕ್ಕ ಕೇಳುತ್ತ ಕೂರಲಿಲ್ಲ, ಏಕಾಂತ ಸ್ಥಳಕ್ಕೆ ಕರೆದು ವಿಶ್ರಮಿಸಿಕೊಳ್ಳಲು ಹೇಳಿದರು.

ಆದ್ದರಿಂದ ಮನೆಗೆ ಮರಳಿದವರನ್ನು ಮೊದಲ ದಿನವೇ “ಮುಂದೇನು?” ಎಂದು ಕೇಳದಿರೋಣ. ಅವರಿಗೆ ಊಟ, ನಿದ್ದೆ, ಮನೆಯವರ ನಗುಮುಖ ಮೊದಲು ಸಿಗಲಿ. ಭಾನುವಾರದ ವಿಶ್ರಾಂತಿ ಮನೆಯ ಹೆಂಗಸರಿಗೂ ಸಿಗಲಿ. ದೇವರ ಆಜ್ಞೆಯಲ್ಲಿ ಆಳಿಗೂ ಎತ್ತಿಗೂ ವಿಶ್ರಾಂತಿ ಹೇಳಿರುವಾಗ ತಾಯಿಗೆ ಇಲ್ಲವೇ? ದುಃಖದಲ್ಲಿರುವಾಗ, ಸೋತಿರುವಾಗ, ಜಾಗ ಮಾರುವ, ಸಾಲ ಮಾಡುವ ದೊಡ್ಡ ನಿರ್ಧಾರಗಳನ್ನು ಅವಸರದಲ್ಲಿ ತೆಗೆದುಕೊಳ್ಳಬೇಡಿ. ಅದರ ಬದಲು ಒಂದು ಲ್ಯಾಟಿನ್ ಶಾಲೆ ಹುಡುಕಿರಿ, ಎಂದರೆ ಹತ್ತಿರದಲ್ಲೇ ಇರುವ ಒಂದು ಸಣ್ಣ ಕೆಲಸ: ನೆರೆಮನೆಯ ಮಗುವಿಗೆ ಲೆಕ್ಕ ಹೇಳಿಕೊಡುವುದು, ಕಾಯಿಲೆಯವರ ಬಳಿ ಒಂದು ಗಂಟೆ ಕುಳಿತಿರುವುದು, ದೇವಾಲಯದ ಗಾಯನದಲ್ಲಿ ಸೇರುವುದು.

ಕೆಲಸ ಹೋದವನಿಗೆ ಪ್ರಾರ್ಥನೆಯ ಜೊತೆಗೆ ಅಕ್ಕಿಯೂ ಬೇಕು, ಮಕ್ಕಳ ಫೀಸೂ ಬೇಕು. ಇದನ್ನು ಮರೆತು ಕೊಡುವ ಸಮಾಧಾನ ಗಾಳಿಮಾತು. ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯವರು, ವಾರ್ಡಿನ ಗುರಿಕಾರರು ಅಂಥ ಮನೆಗಳನ್ನು ಕೇಳಿಸಿಕೊಳ್ಳದೆ ತಿಳಿದುಕೊಳ್ಳಲಿ. ಎಲ್ಲೋ ಒಂದು ಕೆಲಸ ಖಾಲಿ ಇದೆಯೆಂದು ತಿಳಿದವರು ಬಲಿಪೂಜೆ ಮುಗಿದ ಮೇಲೆ ಎರಡು ನಿಮಿಷ ನಿಂತು ಹೇಳಿ ಹೋಗಲಿ.

ಸಾಂಕವಾಳದಲ್ಲಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ನೊವೆನಾ ನಡೆಯುತ್ತದೆ. ಹೋಗಬಯಸುವವರು ಮಡಗಾಂವದಲ್ಲಿ ಇಳಿದು, ಬಾಣಾವಳಿ, ಸಾಂಕವಾಳ, ಹಳೆ ಗೋವೆ ಈ ಮೂರನ್ನೂ ಎರಡು ದಿನದಲ್ಲಿ ಸಾವಧಾನವಾಗಿ ನೋಡಬಹುದು. ಹೋಗಲಾಗದವರಿಗೆ ಮುಡಿಪು ಹತ್ತಿರವೇ ಇದೆ. ಅದೂ ಆಗದಿದ್ದರೆ ಜನವರಿ 16ರ ಸಂಜೆ ಮನೆಯ ದೀಪ ಹಚ್ಚಿ, ಟಿ.ವಿ. ಆರಿಸಿ, ಎಲ್ಲರೂ ಕೂಡಿ ಒಂದು ಜಪಸರ ಮಾಡಿ. ನಿಮ್ಮ ಮನೆಯಲ್ಲಿ ಯಾರು ಎರಡು ದಾರಿಗಳ ನಡುವೆ ನಿಂತಿದ್ದಾರೋ ಅವರ ಹೆಸರನ್ನು ಮೊದಲ ರಹಸ್ಯದಲ್ಲೇ ಹೇಳಿ. ಕಾಯುವ ನಮ್ಮೆಲ್ಲರಿಗಾಗಿ ಸಂತ ಜೋಸೆಫ್ ವಾಜರು ಪ್ರಾರ್ಥಿಸಲಿ.