ತಿಳಿನೀರೆಲ್ಲವೂ ಶುದ್ಧವಲ್ಲ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಾದ ನಾವೂ ಎರಡು ಮಾತು ಬರೆಯಬೇಕೆಂದು ಪೂಜ್ಯ ಉಪಾಧ್ಯಾಯಿನಿಯರ ಅಪ್ಪಣೆಯಾಗಿದೆ. ವಿದ್ವತ್ತಿನ ಮಾತು ನಮ್ಮಿಂದಾಗದು. ಆದಕಾರಣ ನೀರಿನ ವಿಷಯದಲ್ಲಿ ನಮಗಾದ ಒಂದು ಗರ್ವಭಂಗವನ್ನೇ ಕಿರಿಯ ಸೋದರಿಯರ ಮುಂದಿಡುತ್ತೇವೆ.

ವಿದ್ಯಾರ್ಥಿನಿಲಯದಲ್ಲಿ ನಾವು ನಾಲ್ವರು ಒಂದೇ ಕೊಠಡಿಯವರು, ಆದರೆ ನಾಲ್ಕು ತಾಲ್ಲೂಕಿನವರು. ಶ್ರೀರಂಗಪಟ್ಟಣದವಳಿಗೆ ನೀರೆಂದರೆ ಊರನ್ನು ಎರಡೂ ಕಡೆಯಿಂದ ಬಳಸಿ ಹರಿವ ಕಾವೇರಿ, ಪಾಂಡವಪುರದವಳಿಗೆ ವಿಶ್ವೇಶ್ವರಯ್ಯ ನಾಲೆ ಮತ್ತು ತೊಣ್ಣೂರು ಕೆರೆ, ಕೃಷ್ಣರಾಜಪೇಟೆಯವಳಿಗೆ ಹೇಮಾವತಿ. ನಾಗಮಂಗಲದವಳು ಮಾತ್ರ, "ನಮ್ಮ ಹಳ್ಳಿಗೆ ಹೊಳೆಯಿಲ್ಲ, ಕೊಳವೆಬಾವಿಯೇ ಗತಿ" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಆ ಮೌನದ ಅರ್ಥವು ನಮಗೆ ಬಹಳ ಕಾಲ ತಿಳಿಯಲಿಲ್ಲ.

ಮುಂದೆ ನಾವು ನಾಲ್ವರೂ ಮೈಸೂರಿನಲ್ಲಿ ರಸಾಯನಶಾಸ್ತ್ರವನ್ನು ಓದಿದೆವು. ನೀರಿನ ಕಲ್ಮಶವನ್ನು ಬಿಸಿಲಿನಿಂದ ಕಳೆಯುವ ಟೈಟಾನಿಯವೆಂಬ ಬಿಳಿಯ ಪುಡಿಯೇ ನಮ್ಮ ಅಭ್ಯಾಸದ ವಸ್ತುವಾಯಿತು. ಬೆಳಕು ಬಿದ್ದಾಗ ಈ ಪದಾರ್ಥವು ನೀರನ್ನೇ ವಿಭಜಿಸಬಲ್ಲುದೆಂದು ಜಪಾನಿನ ಫುಜಿಷಿಮಾ ಮತ್ತು ಹೊಂಡಾ ಎಂಬವರು 1972ರಲ್ಲಿ ತೋರಿಸಿದ್ದರು. ಇಂಥ ನುಣುಪಾದ ಪುಡಿಗಳನ್ನು ಮಾಡುವ ಸುಲಭೋಪಾಯವು ನಮ್ಮ ನಾಡಿನಲ್ಲಿಯೇ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. ಲೋಹದ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ ಬಿಸಿಕುಲುಮೆಯಲ್ಲಿಟ್ಟರೆ, ದ್ರಾವಣವು ನೊರೆಯುಕ್ಕಿ ಹೊತ್ತಿ ಉರಿದು ಕೆಲವೇ ನಿಮಿಷಗಳಲ್ಲಿ ಹಗುರವಾದ ಪುಡಿಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್ಲೆ ಮತ್ತು ಕೆ. ಸಿ. ಪಾಟೀಲರು 1988ರಲ್ಲಿ ಅಲ್ಯೂಮಿನವನ್ನು ಹೀಗೆ ಮಾಡಿ ತೋರಿಸಿದರು. ಟೈಟಾನಿಯವನ್ನೂ ದಹನಮಾರ್ಗದಿಂದ ಮಾಡಿ ಬಣ್ಣಗಳನ್ನು ಒಡೆಯುವ ಕಾರ್ಯವು ಅದೇ ಸಂಸ್ಥೆಯಲ್ಲಿ ಮುಂದುವರಿಯಿತು.

ಈ ಪುಡಿಯ ಕಣವನ್ನು ನ್ಯಾನೋಮೀಟರುಗಳಲ್ಲಿ ಅಳೆಯಬೇಕು. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ 10 ಲಕ್ಷದ ಒಂದು ಪಾಲು. ಆದರೆ ಇದಕ್ಕೆ ಎರಡು ಕೊರತೆಗಳುಂಟು. ಬಿಸಿಲಿನಲ್ಲಿ ನೂರಕ್ಕೆ ಸುಮಾರು 5 ಪಾಲಿನಷ್ಟಿರುವ ಅತಿನೇರಳೆ ಕಿರಣವಷ್ಟೇ ಇದಕ್ಕೆ ಸಲ್ಲುತ್ತದೆ. ಅಲ್ಲದೆ, ಬೆಳಕಿನ ಪೆಟ್ಟಿಗೆ ನೆಲೆಬಿಟ್ಟು ಎದ್ದ ಎಲೆಕ್ಟ್ರಾನು, ತವರಿಗೆ ಓಡುವ ಹೊಸ ಸೊಸೆಯಂತೆ, ಕೆಲಸ ಮುಗಿಸುವ ಮೊದಲೇ ಹಿಂದಿರುಗಿಬಿಡುತ್ತದೆ. ಇದಕ್ಕಾಗಿ ಎರಡು ಬೇರೆ ಧಾತುಗಳನ್ನು ಚಿಟಿಕೆಯಷ್ಟು ಜೊತೆಯಾಗಿ ಬೆರೆಸುತ್ತಾರೆ. ನೈಟ್ರೋಜನ್ನು ಕಣ್ಣಿಗೆ ಕಾಣುವ ಬೆಳಕನ್ನೂ ಹೀರಲು ನೆರವಾಗುತ್ತದೆ. ಕಬ್ಬಿಣವು ಓಡುವ ಎಲೆಕ್ಟ್ರಾನನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತದೆ. ಕಬ್ಬಿಣವು ಹೆಚ್ಚಾದರೆ ಅದೇ ಕೆಡುಕು. ಅಡಿಗೆಯ ಉಪ್ಪಿನಂತೆ ಹದವೇ ಮುಖ್ಯ.

ನಾವು ಮೂರು ಪಾತ್ರೆಗಳಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲಿಯನ್ನು ಕಲಸಿದೆವು. ಪುಡಿಯಿದ್ದ ಒಂದನ್ನು ಕತ್ತಲೆಯಲ್ಲಿ, ಪುಡಿಯಿಲ್ಲದ ಒಂದನ್ನು ಬಿಸಿಲಿನಲ್ಲಿ, ಪುಡಿಯಿದ್ದ ಇನ್ನೊಂದನ್ನೂ ಬಿಸಿಲಿನಲ್ಲಿ ಇಟ್ಟೆವು. ಮೂರನೆಯದು ಉಳಿದೆರಡಕ್ಕಿಂತ ಬೇಗ ತಿಳಿಯಾಯಿತು. ನಮ್ಮ ಸಂತೋಷಕ್ಕೆ ಪಾರವೇ ಇಲ್ಲ! ಆ ನೀರನ್ನು ಸೀಸೆಯಲ್ಲಿ ತುಂಬಿ, ರಜೆಯಲ್ಲಿ ನಾಗಮಂಗಲದ ಗೆಳತಿಯ ಹಳ್ಳಿಗೆ ಕೊಂಡೊಯ್ದು, ಅವಳ ಅಜ್ಜಿಯ ಮುಂದಿಟ್ಟು ಉಪನ್ಯಾಸವನ್ನೇ ಮಾಡಿದೆವು.

ಅಜ್ಜಿಯು ಸಾವಧಾನದಿಂದ ಕೇಳಿ, ತಮ್ಮ ಕೊಡದ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ ನಮ್ಮ ಸೀಸೆಯ ಪಕ್ಕದಲ್ಲಿಟ್ಟರು. "ನಮ್ಮ ನೀರು ಮೊದಲಿಂದ್ಲೂ ತಿಳಿಯಾಗೇ ಅದೆ ಕಣವ್ವ. ಆದ್ರೂ ಮಕ್ಕಳ ಹಲ್ಲು ಯಾಕೆ ಹಿಂಗಾಯ್ತು? ಅದನ್ನ ತೆಗೆದಾದೇ ನಿಮ್ಮ ಪುಡಿ?" ಎಂದರು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗನು ನಕ್ಕನು. ಅವನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ನಮ್ಮ ಗೆಳತಿಯು ಶಾಲೆಯಲ್ಲಿ ಎಂದೂ ಬಾಯ್ತುಂಬ ನಗದಿದ್ದುದು ಏಕೆಂದು ಅಂದು ನಮಗೆ ತಿಳಿಯಿತು.

ನಾವು ನಿರುತ್ತರರಾದೆವು. ನಮ್ಮ ಪುಡಿಯು ಬಣ್ಣ ಮೊದಲಾದ ಸಾವಯವ ಕಲ್ಮಶಗಳನ್ನು ಒಡೆಯುತ್ತದೆ. ಫ್ಲೋರೈಡಾದರೋ ಬಂಡೆಯಿಂದ ನೀರಿಗಿಳಿದ ಧಾತುವಿನ ಅಂಶ; ಅದನ್ನು ಯಾವ ಬೆಳಕೂ ಒಡೆಯಲಾರದು, ಹಿಡಿದು ಬೇರ್ಪಡಿಸಬೇಕಷ್ಟೆ. ಕುದಿಸಿದರೆ ನೀರು ಆವಿಯಾಗಿ ಅದು ಮತ್ತಷ್ಟು ಸಾಂದ್ರವಾಗುತ್ತದೆ. ನಮ್ಮ ಸೀಸೆಯ ನೀರಾದರೂ ಕುಡಿಯತಕ್ಕದ್ದೆ? ನೀಲಿ ಹೋದ ಮೇಲೂ ಒಡೆದ ಬಣ್ಣದ ಚೂರುಗಳೂ ಪುಡಿಯ ಕಣಗಳೂ ಅದರಲ್ಲಿ ಉಳಿದಿರಬಹುದಾಗಿತ್ತು. ಅದನ್ನು ಪರೀಕ್ಷಿಸದೆಯೇ ಶುದ್ಧವೆಂದು ಸಾರಿದ್ದೆವು.

ಆ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ಲೀಟರಿಗೆ 1 ಮಿಲಿಗ್ರಾಮಿನೊಳಗಿರುವುದು ಲೇಸು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹ್ಯ ಎಂಬುದು ಭಾರತೀಯ ಮಾನಕ; ಬಾವಿಯ ಫ್ಲೋರೈಡು ಅದನ್ನು ಮೀರಿತ್ತು. ಆಲಂ ಮತ್ತು ಸುಣ್ಣದಿಂದ ತೆಗೆವ ನಲ್ಗೊಂಡ ವಿಧಾನವನ್ನೂ ಸಕ್ರಿಯ ಅಲ್ಯೂಮಿನದ ಸೋಸುಕವನ್ನೂ ಮನೆಯವರಿಗೆ ವಿವರಿಸಿದೆವು. ಅಜ್ಜಿಯು ಆರಿಸಿದ್ದು ಹೆಂಚಿನ ಮಾಡಿನ ಮಳೆನೀರನ್ನು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ತೊಟ್ಟಿಯಲ್ಲಿ ಹಿಡಿದು, ಸೋಸಿ ಕಾಯಿಸಿ, ಮನೆಗೆ ಹೊಸದಾಗಿ ಬಂದ ಕೂಸಿಗೆ ಅದನ್ನೇ ಕೊಡತೊಡಗಿದರು. ಹಿರಿಯ ಹುಡುಗನ ಗೆರೆಗಳನ್ನು ಅಳಿಸಲಾಗಲಿಲ್ಲ. ಕಿರಿಯಳ ಹಲ್ಲುಗಳು ಬೆಳ್ಳಗೆ ಮೂಡಿವೆ.

ಪ್ರಿಯ ಸೋದರಿಯರೇ, ಆ ಪುಡಿಯನ್ನು ನಾವು ಹಳಿಯುವುದಿಲ್ಲ. ಬಣ್ಣದ ನೀರಿಗೆ ಅದು ಒಳ್ಳೆಯ ಮದ್ದಾದೀತು. ಆದರೆ ರೋಗವನ್ನು ಕೇಳದೆ ಮದ್ದನ್ನು ಹೊತ್ತೊಯ್ದುದು ನಮ್ಮ ತಪ್ಪು. ನೀವು ನಾಳೆ ಪ್ರಯೋಗಶಾಲೆಗೆ ಹೋಗುವ ಮೊದಲು, ಆ ನೀರನ್ನು ನಿತ್ಯವೂ ಹೊತ್ತು ತರುವವಳನ್ನು ಒಮ್ಮೆ ಕೇಳಿರಿ.