ಅಂಕಿಯೇ ಹೆಸರಾದ ಶಿಖರ

ಭೂಗೋಳದ ಪಾಠದಲ್ಲಿ ನಾವು ‘ಕೆ-2, 8611 ಮೀಟರು’ ಎಂದು ಹಲಗೆಯ ಮೇಲೆ ಬರೆದು ಮುಂದೆ ಸಾಗುತ್ತೇವೆ. ಇದೆಂಥ ಹೆಸರೆಂದು ಮಕ್ಕಳು ಕೇಳುವುದು ಸಹಜವೇ. 1856ರಲ್ಲಿ ಭೂಮಾಪಕ ಮಾಂಟ್ಗಮರಿಯು ದೂರದಿಂದ ಕಂಡ ಕಾರಾಕೋರಂ ಶಿಖರಗಳಿಗೆ ಕೊಟ್ಟ ಕ್ರಮಸಂಖ್ಯೆಯದು. ಬಾಲ್ಟೊರೊ ಹಿಮನದಿಯಾಚೆ, ಹಳ್ಳಿಗರ ಕಣ್ಣಿಗೆ ಬೀಳದೆ ನಿಂತ ಈ ಪರ್ವತಕ್ಕೆ ಅಂಕಿಯೇ ಹೆಸರಾಗಿ ಉಳಿಯಿತು.

ಪರ್ವತದ ಮಾತಿರಲಿ, ಮನುಷ್ಯರ ಹೆಸರೂ ಹೀಗೆ ಮರೆಯಾಗುವುದುಂಟು. 1954ರ ಜುಲೈ 31ರಂದು ಇಟಲಿಯ ಕಂಪಾನ್ಯೋನಿ, ಲಾಚೆದೆಲ್ಲಿ ಇವರು ಮೊದಲು ಶಿಖರವನ್ನೇರಿದರೆಂದು ಪುಸ್ತಕಗಳು ಹೇಳುತ್ತವೆ. ಅವರಿಗಾಗಿ ಆಮ್ಲಜನಕವನ್ನು ಹೊತ್ತೊಯ್ದ ಹುಂಝಾದ ಅಮೀರ್ ಮೆಹದಿಯವರು ಬೊನಾಟಿಯೊಡನೆ ಹಿಂದಿನ ರಾತ್ರಿಯನ್ನು ಡೇರೆಯಿಲ್ಲದೆ ಕಳೆದರು. ಅವರ ಕಾಲ್ಬೆರಳುಗಳು ಹಿಮಕ್ಕೆ ಬಲಿಯಾದವು. ಆ ಹೆಸರನ್ನೂ ಹಲಗೆಗೇರಿಸಬೇಕೆಂಬುದು ನಮ್ಮ ಹಟ.

2021ರ ಜನವರಿ 16ರಂದು, ಚಳಿಗಾಲದಲ್ಲಿ ಅದನ್ನು ಮೊದಲು ಏರಿದವರು ನೇಪಾಳದ ಹತ್ತು ಮಂದಿ. ಮುಂದಿದ್ದವರು ತುದಿಯ ಕೆಳಗೆ ಹಿಂದಿನವರಿಗಾಗಿ ಕಾದು ನಿಂತು, ಎಲ್ಲರೂ ಕೂಡಿಯೇ ಮೇಲಕ್ಕೆ ನಡೆದರು.