ಮಸಿ ಊದುವ ವಿದ್ಯೆ

ಖಾಪರಖೇಡಾದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನಾನು ಬಾಯ್ಲರ್ ಕಡೆಯವನು. ಕೊಳವೆಗಳಿಗೆ ಮೆತ್ತಿದ ಬೂದಿ, ಮಸಿಯನ್ನು ಸೂಟ್ ಬ್ಲೋವರ್ ಬಿಟ್ಟು ಹಬೆಯಲ್ಲಿ ಊದಿ ಕೆಡವುವುದು ನಮ್ಮ ನಿತ್ಯಕರ್ಮ. ಊದದಿದ್ದರೆ ಕಲ್ಲಿದ್ದಲಿನ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಹೊಟ್ಟೆಪಾಡಿನ ಈ ವಿದ್ಯೆ ನನ್ನ ಹುಚ್ಚಿಗೂ ಬೇಕಾಗುತ್ತದೆಂದು ಗೊತ್ತಾದದ್ದು ಅಮೆರಿಕದಲ್ಲಿ, ಭಾವನ ಊರಿನ ಗುಂಡು ಹೊಡೆಯುವ ಬಯಲಿನಲ್ಲಿ.

ಹುಚ್ಚು ಮಾತ್ರ ಕೊಡಗಿನದು. ಸೆಪ್ಟೆಂಬರ್‌ನ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ, ಪೂಜೆ ಮುಗಿಸಿ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಮನೆ ನಮ್ಮದು. ದೊಡ್ಡಪ್ಪನದು ಕೇಪಿನ ಕೋವಿ. ನಳಿಗೆಯ ಒಳಮೈ ನುಣುಪು. ಐವತ್ತು ಗಜ ದಾಟಿದರೆ ಗುಂಡು ದೇವರಿಗೆ ಬಿಟ್ಟದ್ದು.

ಭಾವ ಕೈಗಿತ್ತದ್ದು 1874ರ ಶಾರ್ಪ್ಸ್ ರೈಫಲ್‌ನ ಮಾದರಿಯಲ್ಲಿ ಇಟಲಿಯವರು ಈಗ ಮಾಡಿದ್ದು. ‘ನಕಲು’ ಎಂದು ಮೂಗು ಮುರಿಯುವವರಿದ್ದಾರೆ. ಹೊಸ ಉಕ್ಕು, ಸವೆಯದ ನಳಿಗೆ, ಒಳಗೆ ತಿರುಚಿಕೊಂಡು ಹೋದ ಚೊಕ್ಕ ಗೀರುಗಳು. ತುಕ್ಕು ತಿಂದ ಅಸಲಿಗಿಂತ ನನಗೆ ಇದೇ ಮೇಲು. ತೋಟೆ 45-70: 0.45 ಅಂಗುಲದ ಗುಂಡು, ಮೂಲ ಲೆಕ್ಕದಲ್ಲಿ 70 ಗ್ರೇನ್ ಕರಿಮದ್ದು. ಗುರಿ 500 ಮೀಟರ್ ಆಚೆಯ ಉಕ್ಕಿನ ಟಗರು. ಟ್ರಿಗರ್ ಒತ್ತಿ, ಬಿಳಿ ಹೊಗೆ ಕವಿದು, ‘ತಪ್ಪಿತು’ ಎಂದು ಮನಸ್ಸು ಮುದುಡುವ ಹೊತ್ತಿಗೆ, ಸುಮಾರು ಮೂರು ಸೆಕೆಂಡ್ ಆದಮೇಲೆ, ‘ಟಣ್’! ಆ ಮೂರು ಸೆಕೆಂಡಿಗಾಗಿಯೇ ಈ ಆಟ.

ಮೂರು ಸಲ ಟಣ್ ಎಂದಿತು. ಆಮೇಲೆ ಒಂದು ಎಡಕ್ಕೆ ಮಣ್ಣು ಹಾರಿಸಿತು, ಒಂದು ಟಗರಿನ ಕಾಲ ಕೆಳಗೆ, ಇನ್ನೊಂದು ಎಲ್ಲಿಗೋ. ಗಾಳಿಯನ್ನು ಬೈದೆ. ಭಾವ ನಕ್ಕರು: “ಗಾಳಿ ಅಲ್ಲ ಮಾರಾಯ, ಮಸಿ.” ಸುಟ್ಟ ಕರಿಮದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿಯುತ್ತದಂತೆ, ಒಂದು ಪಾಲು ಹೊಗೆಯಲ್ಲಿ ಹಾರಿ, ಮಿಕ್ಕದ್ದು ನಳಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಮೆದು ಸೀಸದ ಗುಂಡು ಅದಕ್ಕೆ ಉಜ್ಜಿ ದಾರಿ ಕೆಡುತ್ತದೆ. ಖಾಲಿ ತೋಟೆ ಹೊರಬಿದ್ದ ಮೇಲೆ ಅವರು ಹಿಂದಿನಿಂದ ಒಂದು ಸಣ್ಣ ಕೊಳವೆ ಸಿಕ್ಕಿಸಿ ನಿಧಾನವಾಗಿ ಮೂರು ಉಸಿರು ಊದಿದರು. ಬಾಯಿಯ ತೇವಕ್ಕೆ ಮಸಿ ಮೆತ್ತಗಾಯಿತು. ಪ್ರತಿ ಗುಂಡಿಗೂ ಅಷ್ಟೇ ಉಸಿರು, ಅಷ್ಟೇ ಹೊತ್ತು. ನನ್ನ ಸೂಟ್ ಬ್ಲೋವರ್ ಅಲ್ಲಿ ಅಂಗೈಯಗಲಕ್ಕೆ ಇಳಿದಿತ್ತು!

ಇಷ್ಟೆಲ್ಲ ಮಾಡಿದರೂ ಕಣ್ಣು ಕೈಕೊಡಬಹುದು. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್‌ನಲ್ಲಿ 800, 900, 1000 ಗಜದ ಪಂದ್ಯ. ಐರ್ಲೆಂಡಿನವರದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ರೈಫಲ್, ಅಮೆರಿಕದವರದು ತೋಟೆಯದು. ಐರಿಶ್ ತಂಡದ ಮಿಲ್ನರ್ ನಟ್ಟನಡುವಿಗೇ ಹೊಡೆದ, ಆದರೆ ಪಕ್ಕದ ಗುರಿಹಲಗೆಗೆ. ಸೊನ್ನೆ. 934ಕ್ಕೆ 931ರಿಂದ ಸೋತರು; ನಡುವಿನ ಹೊಡೆತಕ್ಕೆ ಆಗ ನಾಲ್ಕು ಅಂಕ.

ಈಗ ಖಾಪರಖೇಡಾದ ರಾತ್ರಿಪಾಳಿಯಲ್ಲಿ ಬಾಯ್ಲರ್ ಬುಸ್ಸೆಂದಾಗಲೆಲ್ಲ ನಾನೂ ಗೊತ್ತಿಲ್ಲದೆ ಮೂರು ಸಲ ಊದಿರುತ್ತೇನೆ. ಚಹಾ ಆರಿಸಿಕೊಳ್ಳುತ್ತಿದ್ದೇನೆ ಎಂದೇ ಪಕ್ಕದ ಮರಾಠಿ ಗೆಳೆಯ ತಿಳಿದುಕೊಂಡಿದ್ದಾನೆ.